ಹೀರೋ ಹಾರಿದ... ಹಿಮ್ಮಡಿ ಏನಾಯ್ತು?

ಕಾರು ಬಂದು ನಿಲ್ಲುತ್ತದೆ. ಬಾಗಿಲು ತೆರೆಯುತ್ತದೆ. ಮೊದಲು ಇಳಿಯುವುದು ಮುಖವಲ್ಲ, ಷೂ! ಪಳಪಳ ಹೊಳೆಯುವ ಆ ಷೂ ನೆಲಕ್ಕೆ ತಾಗಿದ ಕೂಡಲೇ ಥಿಯೇಟರಿನಲ್ಲಿ ಶಿಳ್ಳೆ, ಚಪ್ಪಾಳೆ, ಮುಂದಿನ ಸಾಲಿನಿಂದ ಚೂರು ಕಾಗದದ ಮಳೆ. ಹೀರೋ ಎಂಟ್ರಿ ಅಂದರೆ ಹಾಗಿರಬೇಕು, ಸರಿ. ಆದರೆ ಅಭಿಮಾನಿ ಮಿತ್ರರೇ, ಆ ಷೂ ಹೊರಗೆ ಹೇಗಿದೆ ಅಂತ ನೋಡಿದ್ದೇವೆ. ಒಳಗೆ ಏನಿದೆ ಅಂತ ಯಾರಾದರೂ ಕೇಳಿದ್ದೇವಾ?

ನಾನು ಕೇಳಿದೆ. ಷೂಟಿಂಗ್ ನಡೆಯುವ ಜಾಗಗಳಲ್ಲಿ ಗ್ರೂಪ್ ಡ್ಯಾನ್ಸರ್‌ಗಳು, ಫೈಟರ್‌ಗಳು, ಲೈಟ್ ಬಾಯ್‌ಗಳು ಮರದ ಕೆಳಗೆ ಕೂತು ಷೂ ಬಿಚ್ಚಿ ಅಂಗಾಲು ಒತ್ತಿಕೊಳ್ಳುವುದನ್ನು ನೋಡಿ ನೋಡಿ ಕೇಳಿದೆ. ಅವರಲ್ಲಿ ಅನೇಕರ ಬ್ಯಾಗಿನಿಂದ ಹೊರಬಂದ ವಸ್ತು ಒಂದೇ. ನೀಲಿಯೋ ಹಸಿರೋ ಬಣ್ಣದ, ಮುಟ್ಟಿದರೆ ಜೆಲ್ಲಿ ಮಿಠಾಯಿಯ ಹಾಗೆ ಮೆತ್ತಗೆ ಕುಣಿಯುವ ಒಂದು ಜೊತೆ ಅಟ್ಟೆ. ಷೂ ಒಳಗೆ ಹಾಸಿಕೊಳ್ಳುವ ಜೆಲ್ ಇನ್‌ಸೋಲ್!

ಇದೇನು ಸಿನಿಮಾ ಪತ್ರಿಕೆಯಲ್ಲಿ ಷೂ ಪುರಾಣ ಅಂತ ಪುಟ ತಿರುವಬೇಡಿ. ಈ ಪತ್ರಿಕೆ ಕೈಯಲ್ಲಿ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಲ್ಲ, ನಿಂತಿರುವುದು ಯಾವುದರ ಮೇಲೆ? ಕಂಡಕ್ಟರ್, ಹೋಟೆಲ್ ಸಪ್ಲೈಯರ್, ಸೆಕ್ಯುರಿಟಿ, ಗ್ಯಾರೇಜ್ ಹುಡುಗ, ಮನೆ ಮನೆಗೆ ಊಟ ತಲುಪಿಸುವ ಹುಡುಗ... ನಮ್ಮಲ್ಲಿ ಮುಕ್ಕಾಲು ಪಾಲು ಜನರ ಅನ್ನ ಇರುವುದೇ ಆ ಎರಡು ಅಂಗಾಲುಗಳಲ್ಲಿ.

ತಾರೆಯರ ಪಾದದಲ್ಲಿ ರಕ್ತ

ಪಾದದ ಗೋಳು ಬರೀ ಜೂನಿಯರ್‌ಗಳದ್ದು ಅಂದುಕೊಂಡಿರಾ? ಹಾಲಿವುಡ್‌ನ ದೊಡ್ಡ ದೊಡ್ಡ ತಾರೆಯರನ್ನೂ ಅದು ಬಿಟ್ಟಿಲ್ಲ. 1936ರ "ಸ್ವಿಂಗ್ ಟೈಮ್" ಚಿತ್ರದ ಕೊನೆಯ ನೃತ್ಯಕ್ಕೆ ಫ್ರೆಡ್ ಆಸ್ಟೇರ್ ಮತ್ತು ಜಿಂಜರ್ ರೋಜರ್ಸ್ ಜೋಡಿ 47 ಟೇಕ್ ಕೊಟ್ಟಿತು. ಕೊನೆಯ ಟೇಕ್ ಹೊತ್ತಿಗೆ ಜಿಂಜರ್ ಪಾದದಿಂದ ರಕ್ತ ಒಸರುತ್ತಿತ್ತು. ತೆರೆಯ ಮೇಲೆ ನೋಡಿದರೆ ಹಂಸ ತೇಲಿದ ಹಾಗೆ!

1952ರಲ್ಲಿ ಬಂದ "ಸಿಂಗಿಂಗ್ ಇನ್ ದ ರೇನ್" ಚಿತ್ರದ ಕಥೆಯೂ ಅಷ್ಟೇ. ನಾಯಕಿ ಡೆಬ್ಬಿ ರೆನಾಲ್ಡ್ಸ್‌ಗೆ ಚಿತ್ರೀಕರಣದ ಹೊತ್ತಿಗೆ 19 ವರ್ಷ. ನೃತ್ಯದಲ್ಲಿ ಪಳಗಿದವಳಲ್ಲ. ಎದುರಿಗೆ ಜೀನ್ ಕೆಲ್ಲಿಯಂಥ ಮಹಾ ನೃತ್ಯಗಾರ. ಒಂದೇ ಹಾಡಿಗೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಸುಮಾರು 15 ಗಂಟೆ ಕುಣಿದಳು. ಷೂ ಬಿಚ್ಚಿದಾಗ ಪಾದದ ರಕ್ತನಾಳಗಳು ಒಡೆದಿದ್ದವು. ಆ ಹಾಡಿನಲ್ಲಿ ಅವಳ ನಗು ಮಾತ್ರ ಎಲ್ಲೂ ಮಾಸಿಲ್ಲ, ನೋಡಿ.

ಅವರು ನಾಯಕಿಯರು. ಎತ್ತಿಕೊಂಡು ಹೋಗಲು ಜನ ಇದ್ದರು, ಮರುದಿನ ಮಲಗಲು ಹಾಸಿಗೆ ಇತ್ತು. ಹಿಂದಿನ ಸಾಲಿನಲ್ಲಿ ಕುಣಿಯುವ ನಮ್ಮ ಹುಡುಗನಿಗೆ? ಅವನಿಗೆ ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಕಾಲ್‌ಶೀಟು!

ಹಿಮ್ಮಡಿಯೊಳಗೇ ಇದೆ ಜೆಲ್

ಒಂದು ಪಾದದಲ್ಲಿ 26 ಮೂಳೆ, 33 ಕೀಲು. ನಡೆಯುವಾಗ ಪ್ರತಿ ಹೆಜ್ಜೆಗೆ ನಮ್ಮ ತೂಕಕ್ಕಿಂತ ಸ್ವಲ್ಪ ಹೆಚ್ಚೇ ಭಾರ ಪಾದಕ್ಕೆ ಬೀಳುತ್ತದೆ. ಓಡಿದರೆ ಎರಡರಿಂದ ಮೂರು ಪಟ್ಟು. ಅಂದರೆ 60 ಕಿಲೋ ತೂಗುವ ಹುಡುಗ ಬಸ್ ಹಿಂದೆ ಓಡುವಾಗ ಅವನ ಒಂದು ಕಾಲು ಹೆಜ್ಜೆ ಹೆಜ್ಜೆಗೂ 120ರಿಂದ 180 ಕಿಲೋ ಹೊರುತ್ತದೆ. ಹಾರಿ ಇಳಿದರಂತೂ ಲೆಕ್ಕ ಇನ್ನೂ ಮೇಲೆ.

ಇಷ್ಟನ್ನು ತಡೆಯುವುದಕ್ಕೆ ಪ್ರಕೃತಿ ನಮಗೆ ಮೊದಲೇ ಒಂದು ಜೆಲ್ ಕೊಟ್ಟಿದೆ. ಹಿಮ್ಮಡಿಯ ಚರ್ಮದ ಕೆಳಗೆ, ಮೂಳೆಗೆ ಆತುಕೊಂಡು, ಕೊಬ್ಬಿನ ಒಂದು ದಿಂಬು ಇದೆ. ಜೇನುಗೂಡಿನ ಹಾಗೆ ಪುಟ್ಟ ಪುಟ್ಟ ಕೋಣೆಗಳು, ಪ್ರತಿ ಕೋಣೆಯಲ್ಲೂ ಕೊಬ್ಬು. ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಮರಳುತ್ತದೆ. ವಯಸ್ಸಾದ ಹಾಗೆ ಈ ದಿಂಬು ಸವೆಯುತ್ತದೆ. ಸಿಮೆಂಟು, ಗ್ರಾನೈಟು, ಕಾಂಕ್ರೀಟು ನೆಲಗಳ ಮೇಲೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತವನಿಗೆ ಅದು ಸಾಲದೆಯೂ ಹೋಗುತ್ತದೆ.

ಇನ್ನೊಂದು ಪಾತ್ರಧಾರಿ ಇದ್ದಾನೆ. ಹಿಮ್ಮಡಿ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಎಳೆದು ಕಟ್ಟಿದ ಗಟ್ಟಿ ಪಟ್ಟಿ. ಬಿಲ್ಲಿಗೆ ಹೆದೆ ಇದ್ದ ಹಾಗೆ ಅಂಗಾಲಿನ ಕಮಾನಿಗೆ ಇದು ಹೆದೆ. ವೈದ್ಯರು ಇದಕ್ಕೆ ಪ್ಲಾಂಟಾರ್ ಫೇಷಿಯಾ ಅನ್ನುತ್ತಾರೆ. ಈ ಹೆದೆ ಹಿಮ್ಮಡಿಗೆ ಸೇರುವ ಜಾಗದಲ್ಲಿ ಕೆರಳಿತೋ, ಶುರುವಾಯಿತು ವಿಲನ್ ಎಂಟ್ರಿ! ಗುರುತು ಸುಲಭ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಯಲ್ಲೇ ಜೀವ ಹೋದಂತೆ ನೋವು. ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಸಂಜೆಗೆ ಮತ್ತೆ ಹಾಜರ್.

ಷೂ ಒಳಗಿನ ಪೋಷಕ ನಟ

ಷೂ ಒಳಗೆ ಆಸರೆ ಇಡುವ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಷಿಕಾಗೋ ನಗರದ ಷೂ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ವಿಲಿಯಂ ಷೋಲ್ ಎಂಬ ಯುವಕ ಗಿರಾಕಿಗಳ ಪಾದದ ಪಾಡು ನೋಡಿ ವೈದ್ಯಕೀಯ ಓದಿದ. 1904ರಲ್ಲಿ ಅಂಗಾಲಿನ ಕಮಾನಿಗೆ ಆಸರೆಯಾಗುವ "ಫುಟ್-ಈಜರ್" ಎಂಬ ಸಾಧನ ತಂದ. ಇವತ್ತಿಗೂ ಔಷಧಿ ಅಂಗಡಿಗಳಲ್ಲಿ ಷೋಲ್ ಅನ್ನುವ ಹೆಸರು ಕಾಣುತ್ತದಲ್ಲ, ಅದು ಇದೇ ಮನುಷ್ಯನ ಹೆಸರು.

ಈಗಿನ ಜೆಲ್ ಅಟ್ಟೆಗಳು ಸಿಲಿಕೋನ್, ಪಾಲಿಯುರೆಥೇನ್ ಮುಂತಾದ ವಸ್ತುಗಳಿಂದ ಆದವು. ಇವು ನೀರಿನ ಹಾಗೆ ಹರಿಯುವುದೂ ಇಲ್ಲ, ಕಲ್ಲಿನ ಹಾಗೆ ಬಿಗಿದು ನಿಲ್ಲುವುದೂ ಇಲ್ಲ. ಟೊಮ್ಯಾಟೊ ಬುಟ್ಟಿಗೆ ಕೆಳಗೆ ಹುಲ್ಲು ಹಾಸುತ್ತಾರಲ್ಲ, ಅದೇ ತಂತ್ರ. ಹಿಮ್ಮಡಿ ಮೂಳೆಯ ತುದಿಗೆ ಒಂದೇ ಕಡೆ ಬೀಳುವ ಒತ್ತಡವನ್ನು ಜೆಲ್ ಸುತ್ತ ಹರಡುತ್ತದೆ. ಬಿದ್ದ ಪೆಟ್ಟಿನಲ್ಲಿ ಸ್ವಲ್ಪ ಪಾಲನ್ನು ತಾನೇ ನುಂಗಿ ಬಿಸಿಯಾಗಿ ಕಳೆದುಬಿಡುತ್ತದೆ. ಫೋಮ್ ಅಟ್ಟೆ ಹಗುರ, ಗಾಳಿಯೂ ಆಡುತ್ತದೆ, ಆದರೆ ಅಗ್ಗದ್ದು ಬೇಗ ಚಪ್ಪಟೆಯಾಗುತ್ತದೆ. ಜೆಲ್ ಅಷ್ಟು ಬೇಗ ಚಪ್ಪಟೆಯಾಗುವುದಿಲ್ಲ. ಆದರೆ ತೂಕ ಹೆಚ್ಚು, ಬೆವರೂ ಹೆಚ್ಚು.

ಇಲ್ಲಿಗೆ ಕಥೆ ಶುಭಂ ಅನ್ನಬಹುದಿತ್ತು. ಆದರೆ ಇಂಟರ್‌ವಲ್ ನಂತರ ತಿರುವು ಇದೆ.

ಹಿಂದಿನ ಸಾಲಿನ ಗೆಳೆಯ

ನನ್ನ ಗೆಳೆಯನೊಬ್ಬ ಗ್ರೂಪ್ ಡ್ಯಾನ್ಸರ್. ಹೆಸರು ಬೇಡ, ಅವನಿಗೆ ಕೆಲಸ ಬೇಕು. ಹೀರೋ ಬಲಗಡೆ ಎರಡನೇ ಸಾಲಿನಲ್ಲಿ ನೀವು ಅವನನ್ನು ಹತ್ತಾರು ಹಾಡುಗಳಲ್ಲಿ ನೋಡಿದ್ದೀರಿ, ಆದರೆ ಗುರುತಿಸಿಲ್ಲ. ಒಂದು ದಿನ ಟೀ ಅಂಗಡಿ ಮುಂದೆ ಕಾಲು ಎಳೆದುಕೊಂಡು ಬಂದ.

"ಏನೋ ಇದು?" ಅಂದೆ.

"ಮೆಲ್ಲಗೆ ಮಾತಾಡು ಗುರೂ. ಅಸಿಸ್ಟೆಂಟ್ ಮಾಸ್ಟ್ರಿಗೆ ಕೇಳ್ಸಿದ್ರೆ ನಾಳೆಯಿಂದ ನಾನು ಔಟ್. ಕುಂಟೋ ಕುದುರೆನ ಯಾರ್ ಕಟ್ಕೋತಾರೆ?"

ಎರಡು ತಿಂಗಳಿಂದ ಹಿಮ್ಮಡಿ ನೋವು. ಬೆಳಿಗ್ಗೆ ಎದ್ದರೆ ಮೊಳೆ ಹೊಡೆದ ಹಾಗೆ. ಸೆಟ್ಟಿನಲ್ಲಿ ಕೊಡುವ ಷೂ ಎಲ್ಲರಿಗೂ ಒಂದೇ ಬಣ್ಣ, ಆದರೆ ಎಲ್ಲರ ಅಳತೆಗೂ ಸಿಗುವುದಿಲ್ಲ. ಅಟ್ಟೆಯೋ ರೊಟ್ಟಿಯಷ್ಟು ತೆಳು. ಕೆಳಗೆ ಕಾಂಕ್ರೀಟು. ಅವನು ಫುಟ್‌ಪಾತಿನಲ್ಲಿ ಇದ್ದುದರಲ್ಲಿ ದಪ್ಪನೆಯ ಜೆಲ್ ಅಟ್ಟೆ ಕೊಂಡು ಷೂ ಒಳಗೆ ತುರುಕಿದ. ಮೊದಲ ದಿನ ಸ್ವರ್ಗ! "ಮೋಡದ್ ಮೇಲೆ ಕುಣ್ದಂಗಿತ್ತು ಗುರೂ" ಅಂದ. ನಾಲ್ಕನೇ ದಿನ ಹೆಬ್ಬೆರಳ ಉಗುರು ಕಪ್ಪಾಯಿತು. ಅಟ್ಟೆ ದಪ್ಪವಾದಷ್ಟು ಷೂ ಒಳಗೆ ಜಾಗ ಕಡಿಮೆಯಾಗಿ ಬೆರಳುಗಳು ಮೇಲಿನ ಚರ್ಮಕ್ಕೆ ಒತ್ತಿಕೊಂಡಿದ್ದವು. ತಿರುಗುವಾಗ ಅಟ್ಟೆ ಜಾರಿ ಹರಡೂ ಉಳುಕಿತು.

ಕೊನೆಗೆ ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋದ. ಅಲ್ಲಿಂದ ಫಿಸಿಯೋಥೆರಪಿಗೆ ಕಳಿಸಿದರು. ಅವರು ಹೇಳಿದ್ದು ಮೂರು ಮಾತು. ಒಂದು, ಗೋಡೆಗೆ ಕೈ ಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮೀನಖಂಡ ಎಳೆಯುವುದು. ಒಮ್ಮೆಗೆ ಅರ್ಧ ನಿಮಿಷ, ದಿನಕ್ಕೆ ಹಲವು ಸಲ. ಮೀನಖಂಡ ಬಿಗಿಯಾಗಿದ್ದರೆ ಅಂಗಾಲಿನ ಹೆದೆಗೂ ಎಳೆತ ಹೆಚ್ಚು. ಎರಡು, ನೀರಿನ ಬಾಟಲಿಯನ್ನು ಫ್ರಿಜ್‌ನಲ್ಲಿ ಮಂಜುಗಟ್ಟಿಸಿ ಅಂಗಾಲಿನ ಕೆಳಗೆ ಉರುಳಿಸುವುದು. ಮೂರು, ದಪ್ಪ ಜೆಲ್ ಬಿಟ್ಟು, ಹಿಮ್ಮಡಿಯನ್ನು ಬಟ್ಟಲಿನ ಹಾಗೆ ಹಿಡಿಯುವ ಅಟ್ಟೆ ಹಾಕುವುದು, ಸರಿಯಾದ ಅಳತೆಯ ಷೂನಲ್ಲಿ. ಜೊತೆಗೆ ಕೆಲವು ವಾರ ಹಾರುವ ಕೆಲಸ ಬಂದ್.

ಆ ಕೊನೆಯ ಮಾತು ಕೇಳಿ ಅವನು ಅತ್ತ. ಒಂದು ದೊಡ್ಡ ಹಾಡು ಕೈಬಿಟ್ಟಿತು, ಅದರ ಕೂಲಿಯೂ ಹೋಯಿತು. ಆದರೆ ನಾಲ್ಕು ತಿಂಗಳಲ್ಲಿ ಎರಡನೇ ಸಾಲಿಗೆ ವಾಪಸ್ ಬಂದ. ಈಗ ಹುಡುಗರಿಗೆಲ್ಲ ಅವನದೇ ಪಾಠ: "ಜೆಲ್ ಹಾಕ್ಕೊಳ್ರೋ, ಆದ್ರೆ ಜೆಲ್ಲನ್ನೇ ನಂಬ್ಕೊಂಡು ಕುಣೀಬೇಡ್ರೋ."

ಮೆತ್ತಗಿದ್ದರೆ ಸಾಲದು!

ನನ್ನ ಗೆಳೆಯ ಅನುಭವದಿಂದ ಹೇಳಿದ್ದನ್ನೇ ತಜ್ಞರು ಪ್ರಯೋಗ ಮಾಡಿ ಹೇಳಿದ್ದಾರೆ. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದೇ ಹಿಮ್ಮಡಿ ನೋವಿನ 135 ಜನರನ್ನು ಮೂರು ಗುಂಪು ಮಾಡಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಹೆಸರಿಗಷ್ಟೇ ಒಂದು ಮೆತ್ತನೆಯ ತೆಳು ಅಟ್ಟೆ, ಇನ್ನೊಂದಕ್ಕೆ ಅಂಗಡಿಯ ಸಿದ್ಧ ಅಟ್ಟೆ, ಮತ್ತೊಂದಕ್ಕೆ ಪಾದದ ಅಚ್ಚು ತೆಗೆದು ಮಾಡಿಸಿದ ದುಬಾರಿ ಅಟ್ಟೆ. ಮೂರು ತಿಂಗಳಿಗೆ ಆಸರೆಯ ಅಟ್ಟೆ ಹಾಕಿದವರ ಓಡಾಟ ಸ್ವಲ್ಪ ಮೇಲು. ಸಿದ್ಧ ಅಟ್ಟೆಗೂ ದುಬಾರಿ ಅಟ್ಟೆಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಒಂದು ವರ್ಷಕ್ಕೆ ಮೂರೂ ಗುಂಪು ಹೆಚ್ಚುಕಡಿಮೆ ಸಮ! ಅಂದರೆ ಈ ನೋವು ಬಹುಪಾಲು ಜನರಿಗೆ ಕಾಲ ಕಳೆದಂತೆ ತಾನಾಗಿ ಇಳಿಯುತ್ತದೆ, ಅಟ್ಟೆ ನಡುವಿನ ದಿನಗಳನ್ನು ದಾಟಿಸುತ್ತದೆ.

2017ರಲ್ಲಿ ಇನ್ನೊಂದು ತಂಡ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿತು. ಅವುಗಳಲ್ಲಿ ಪಾಲ್ಗೊಂಡವರು ಹೆಚ್ಚಾಗಿ ಸೈನಿಕರು. ಪಾದಕ್ಕೆ ಆಕಾರ ಕೊಟ್ಟು ಆಸರೆಯಾಗುವ ಅಟ್ಟೆಗಳಿಂದ ಕೆಲವು ಗಾಯಗಳು ಕಡಿಮೆಯಾಗಿದ್ದವು. ಬರೀ ಪೆಟ್ಟು ನುಂಗುವ ಮೆತ್ತನೆಯ ಅಟ್ಟೆಗಳಿಂದ ಗಾಯ ಕಡಿಮೆಯಾಗಿರಲಿಲ್ಲ.

ಒಂದೇ ಮಾತಿನಲ್ಲಿ ಹೇಳುವುದಾದರೆ: ಮೆತ್ತೆ ಬೇರೆ, ಆಸರೆ ಬೇರೆ. ಮೆತ್ತೆ ಹಾಯೆನಿಸುತ್ತದೆ, ಆಸರೆ ಹಿಡಿದು ನಿಲ್ಲಿಸುತ್ತದೆ. ಒಳ್ಳೆಯ ಅಟ್ಟೆಯಲ್ಲಿ ಎರಡೂ ಇರುತ್ತದೆ. ಜಾಹೀರಾತಿನಲ್ಲಿ ಮಾತ್ರ ಮೊಟ್ಟೆ ಎತ್ತರದಿಂದ ಬಿದ್ದರೂ ಒಡೆಯದ ಜೆಲ್ ತೋರಿಸುತ್ತಾರೆ. ಸ್ವಾಮೀ, ನಾವು ಮೊಟ್ಟೆಯಲ್ಲ. ದಿನವಿಡೀ ನಡೆಯುವ ಮನುಷ್ಯರು!

ಎತ್ತರದ ಹುಚ್ಚು

ಇನ್ನೊಂದು ಜಾತಿಯ ಅಟ್ಟೆ ಇದೆ. ಅದು ನೋವಿಗಲ್ಲ, ಷೋಕಿಗೆ! ಹಿಮ್ಮಡಿಯ ಕೆಳಗೆ ಒಂದು, ಎರಡು, ಮೂರು ಪದರ ಏರಿಸಿ ಎತ್ತರ ಕಾಣುವಂತೆ ಮಾಡುವುದು. ಸಿನಿಮಾದವರಿಗೆ ಇದು ಹಳೇ ವಿದ್ಯೆ. 1942ರ "ಕಾಸಾಬ್ಲಾಂಕಾ" ಚಿತ್ರದಲ್ಲಿ ನಾಯಕಿ ಇಂಗ್ರಿಡ್ ಬರ್ಗ್‌ಮನ್ ನಾಯಕ ಹಂಫ್ರಿ ಬೊಗಾರ್ಟ್‌ಗಿಂತ ಎತ್ತರ. ಅವನನ್ನು ಏನೇನೋ ಉಪಾಯದಿಂದ ಎತ್ತರಿಸಿ ತೋರಿಸಿದರು. ಜಗತ್ತೇ ಮೆಚ್ಚಿತು.

ಆದರೆ ಬೊಗಾರ್ಟ್ ಷಾಟ್ ಮುಗಿದ ಮೇಲೆ ಕೆಳಗಿಳಿಯುತ್ತಿದ್ದ. ನಮ್ಮ ಹುಡುಗರು ಮದುವೆ ಮನೆಗೆ, ಇಂಟರ್‌ವ್ಯೂಗೆ, ಡ್ಯೂಟಿಗೆ ಕೂಡ ಅದನ್ನೇ ಹಾಕಿಕೊಂಡು ದಿನವಿಡೀ ಓಡಾಡುತ್ತಾರೆ. ಹಿಮ್ಮಡಿ ಮೇಲೆದ್ದಷ್ಟೂ ಭಾರ ಮುಂಗಾಲಿಗೆ ಜಾರುತ್ತದೆ. ಪಾದ ಷೂನಿಂದ ಅರ್ಧ ಹೊರಗೆ ಎದ್ದಿರುವುದರಿಂದ ಹಿಡಿತ ಸಡಿಲ. ಮೆಟ್ಟಿಲಿಳಿಯುವಾಗ ಹರಡು ಹೊರಳಿದರೆ ಎತ್ತರವೂ ಹೋಯಿತು, ಸಂಬಳವೂ ಹೋಯಿತು! ಫೋಟೋಗೆ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಬಸ್ ಹಿಡಿಯಲು ಬೇಡ.

ಕೊಳ್ಳುವ ಮುಂಚೆ

ಅಂಗಡಿಗೆ ಸಂಜೆ ಹೋಗಿ. ಬೆಳಗಿನಿಂದ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಅಳತೆ ನಿಜ ಹೇಳುತ್ತದೆ. ನೀವು ಹಾಕುವ ಷೂ ಜೊತೆಗೇ ಒಯ್ಯಿರಿ. ಷೂ ಒಳಗಿನ ಹಳೇ ಅಟ್ಟೆ ಕಿತ್ತು ಬರುವಂತಿದ್ದರೆ ಕಿತ್ತು ಹೊಸದನ್ನು ಹಾಕಿ, ಅದರ ಮೇಲೆಯೇ ಹೇರಬೇಡಿ. ಹಾಕಿದ ಮೇಲೆ ಎದ್ದು ನಿಂತು ನೋಡಿ. ಉದ್ದನೆಯ ಬೆರಳಿಗೂ ಷೂ ತುದಿಗೂ ನಡುವೆ ಒಂದು ಹೆಬ್ಬೆರಳ ಅಗಲ ಜಾಗ ಇರಬೇಕು. ಹಿಮ್ಮಡಿ ಷೂನಿಂದ ಮೇಲೆ ಬರಬಾರದು.

ಹೆಬ್ಬೆರಳ ಪರೀಕ್ಷೆ ಮಾಡಿ. ಹಿಮ್ಮಡಿಯ ಭಾಗವನ್ನು ಬಲವಾಗಿ ಒತ್ತಿದಾಗ ಬೆರಳು ತಳ ಮುಟ್ಟಿಬಿಟ್ಟರೆ, ನಿಮ್ಮ ಮೈಭಾರಕ್ಕೆ ಅದು ಎಲ್ಲಿ ತಡೆಯುತ್ತದೆ? ಒತ್ತಿದಾಗ ಬಗ್ಗಬೇಕು, ಬಿಟ್ಟಾಗ ಎದ್ದು ಬರಬೇಕು. ನಡುಭಾಗ ಸ್ವಲ್ಪ ಬಿಗಿಯಾಗಿರಲಿ, ಹಿಮ್ಮಡಿ ಕೂರಲು ಬಟ್ಟಲಿನಂಥ ತಗ್ಗು ಇರಲಿ. ಕತ್ತರಿಸಬೇಕಾದರೆ ಬೆರಳಿನ ಕಡೆ ಹಾಕಿರುವ ಗೆರೆಯಲ್ಲೇ ಕತ್ತರಿಸಿ, ಹಿಮ್ಮಡಿ ಕಡೆ ಕತ್ತರಿ ಆಡಿಸಬೇಡಿ. ಮೊದಲ ದಿನ ಒಂದೆರಡು ಗಂಟೆ ಮಾತ್ರ ಹಾಕಿ, ಆಮೇಲೆ ದಿನ ದಿನಕ್ಕೆ ಹೆಚ್ಚಿಸಿ. ರಾತ್ರಿ ಹೊರಗೆ ತೆಗೆದು ಗಾಳಿಗೆ ಇಡಿ. ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹರಿದ, ಒಂದು ಕಡೆ ಕುಸಿದ ಅಟ್ಟೆಯನ್ನು ಮುಲಾಜಿಲ್ಲದೆ ಎಸೆಯಿರಿ.

ಮತ್ತೊಂದು. ಷೂ ಅಡಿ ಸವೆದು ಒಂದು ಕಡೆಗೆ ವಾಲಿದ್ದರೆ ಒಳಗೆ ಎಷ್ಟೇ ಒಳ್ಳೆಯ ಜೆಲ್ ಹಾಕಿದರೂ ವ್ಯರ್ಥ. ಪಾಯ ಕುಸಿದ ಮನೆಗೆ ಹೊಸ ಜಮಖಾನ ಹಾಸಿದ ಹಾಗೆ.

ಗೇಟಿನ ಅಣ್ಣ

ಕೊನೆಯ ಮಾತು ಎಲ್ಲಕ್ಕಿಂತ ದೊಡ್ಡದು. ಕಾಲು ನೋಯುತ್ತದೆ ಅನ್ನುವವರ ಬಗ್ಗೆ ಇಷ್ಟು ಹೊತ್ತು ಹೇಳಿದೆ. ನೋವೇ ಗೊತ್ತಾಗದವರೂ ಇದ್ದಾರೆ. ಅವರದ್ದು ಇನ್ನೂ ಕಷ್ಟ.

ತುಮಕೂರು ಕಡೆಯ ಒಂದು ಹಳೇ ಟಾಕೀಸಿನಲ್ಲಿ ಟಿಕೆಟ್ ಹರಿಯುವ ಅಣ್ಣ ಒಬ್ಬರಿದ್ದಾರೆ. ದಿನಕ್ಕೆ ನಾಲ್ಕು ಆಟ, ನಾಲ್ಕಕ್ಕೂ ಗೇಟಿನಲ್ಲಿ ನಿಂತಿರಬೇಕು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಅಂದಾಜಿನಲ್ಲಿ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಈ ಕಾಯಿಲೆ ಇದೆ. ಅದು ವರ್ಷಗಟ್ಟಲೆ ಹತೋಟಿ ತಪ್ಪಿದರೆ ಪಾದದ ನರಗಳು ಮಂಕಾಗುತ್ತವೆ. ಮೊದಲು ಉರಿ, ಆಮೇಲೆ ಜೋಮು, ಆಮೇಲೆ ಏನೂ ಇಲ್ಲ.

ಒಂದು ರಾತ್ರಿ ಸೆಕೆಂಡ್ ಷೋ ಬಿಟ್ಟ ಮೇಲೆ ಅಣ್ಣ ಷೂ ಬಿಚ್ಚಿದರೆ ಸಾಕ್ಸ್ ತುಂಬ ರಕ್ತ. ಸೀಟಿನ ಒಂದು ಸಣ್ಣ ಸ್ಕ್ರೂ ಬೆಳಿಗ್ಗೆಯಿಂದ ಷೂ ಒಳಗೇ ಇತ್ತು! ನಾಲ್ಕು ಆಟ ಅದರ ಮೇಲೇ ನಿಂತಿದ್ದರು. "ನಂಗೆ ಗೊತ್ತೇ ಆಗ್ಲಿಲ್ಲ ಕಣ್ ತಮ್ಮಾ" ಅಂದರು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಬೆರಳು ಉಳಿದದ್ದೇ ಪುಣ್ಯ.

ಮಗ ಪ್ರೀತಿಯಿಂದ ದಪ್ಪ ಜೆಲ್ ಅಟ್ಟೆ ತಂದುಕೊಟ್ಟಿದ್ದ. ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು ಬೇಡ ಅಂದರು. ಇದ್ದ ಷೂಗೆ ದಪ್ಪ ಅಟ್ಟೆ ತುರುಕಿದರೆ ಬಿಗಿಯಾಗುತ್ತದೆ, ಉಜ್ಜುತ್ತದೆ. ಉಜ್ಜಿದ್ದು ತಿಳಿಯದ ಪಾದಕ್ಕೆ ಅದೇ ಹೊಸ ಗಾಯ. ಸಕ್ಕರೆ ಕಾಯಿಲೆಯವರು ಪಾದ ತೋರಿಸಿ, ಕೇಳಿಕೊಂಡೇ ಅಟ್ಟೆ ಹಾಕಬೇಕು. ಅಣ್ಣನಿಗೆ ಅವರು ಬರೆದುಕೊಟ್ಟದ್ದು ಎಂ.ಸಿ.ಆರ್. ಚಪ್ಪಲಿ.

ಈ ಎಂ.ಸಿ.ಆರ್. ನಮ್ಮ ಪಕ್ಕದ ವೆಲ್ಲೂರಿನ ಕೊಡುಗೆ ಅಂದರೂ ಸಲ್ಲುತ್ತದೆ. ಸೂಕ್ಷ್ಮ ಗಾಳಿಗುಳ್ಳೆಗಳಿಂದ ತುಂಬಿದ ರಬ್ಬರ್ ಅದು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಇಂಗ್ಲಿಷ್ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಿಂದ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿದ್ದರು. ಕುಷ್ಠರೋಗಿಗಳ ಪಾದ ಕೊಳೆಯುವುದು ಬರೀ ರೋಗದಿಂದಲ್ಲ, ನೋವು ತಿಳಿಯದೆ ಗಾಯದ ಮೇಲೆ ಗಾಯ ಮಾಡಿಕೊಳ್ಳುವುದರಿಂದ ಎಂದು ತೋರಿಸಿದರು. ಆ ಪಾದಗಳಿಗಾಗಿ ಅವರೂ ಅವರ ಜೊತೆಗಾರರೂ ವೆಲ್ಲೂರು, ಕರಿಗಿರಿಗಳಲ್ಲಿ ಬಳಕೆಗೆ ತಂದ ಮೆತ್ತನೆಯ ರಬ್ಬರ್ ಇಂದು ಸಕ್ಕರೆ ಕಾಯಿಲೆಯವರ ಪಾದ ಕಾಯುತ್ತಿದೆ. ಮೇಲೆ ಮೆತ್ತಗಿನ ಪದರ, ಕೆಳಗೆ ಮೊಳೆ ಮುಳ್ಳು ಒಳಬರದ ಗಟ್ಟಿ ಅಟ್ಟೆ. ನೋಡಿ, ಅಲ್ಲೂ ಅದೇ ನೀತಿ. ಮೆತ್ತೆಯೂ ಬೇಕು, ಆಸರೆಯೂ ಬೇಕು.

ಈಗ ಅಣ್ಣ ಗೇಟಿಗೆ ಬರುವ ಮುಂಚೆ ಒಂದು ಕೆಲಸ ತಪ್ಪಿಸುವುದಿಲ್ಲ. ಪಾದರಕ್ಷೆ ಎತ್ತಿ, ಬೋರಲು ಮಾಡಿ ಕೊಡವಿ, ಒಳಗೆ ಕೈ ಆಡಿಸಿ ನೋಡುತ್ತಾರೆ. ರಾತ್ರಿ ಮನೆಯಲ್ಲಿ ಮೊಮ್ಮಗಳು ಕನ್ನಡಿ ಹಿಡಿದು ತಾತನ ಅಂಗಾಲು ನೋಡುತ್ತಾಳೆ. "ಎಲ್ಲರ ಟಿಕೆಟ್ ನಾನ್ ಚೆಕ್ ಮಾಡ್ತೀನಿ. ನನ್ ಕಾಲಿನ್ ಟಿಕೆಟ್ ಅವ್ಳು ಚೆಕ್ ಮಾಡ್ತಾಳೆ" ಅಂತ ನಗುತ್ತಾರೆ ಅಣ್ಣ.

ಮುಂದಿನ ಶುಕ್ರವಾರ ಹೊಸ ಚಿತ್ರ. ಅಣ್ಣ ಗೇಟಿನಲ್ಲಿರುತ್ತಾರೆ, ನನ್ನ ಗೆಳೆಯ ಎರಡನೇ ಸಾಲಿನಲ್ಲಿ. ನೂಕಬೇಡಿ, ಕಾಲು ತುಳಿಯಬೇಡಿ!